ಗುಜರಿಯಿಂದ ಹರಾಜುಕಟ್ಟೆಗೆ: ಕುರ್ಚಿಗಳ ಕಥೆ



ಈ ಪುಟವನ್ನು ಓದುತ್ತಿರುವ ನೀವು ಈಗ ಯಾವುದರ ಮೇಲೆ ಕುಳಿತಿದ್ದೀರಿ? ಕಾಲೇಜಿನ ವಾಚನಾಲಯದ ಮರದ ಕುರ್ಚಿಯೋ, ಹಾಸ್ಟೆಲಿನ ಕಬ್ಬಿಣದ ಮಡಿಸುವ ಕುರ್ಚಿಯೋ, ಮನೆಯ ಪ್ಲಾಸ್ಟಿಕ್ ಕುರ್ಚಿಯೋ ಇರಬಹುದು. ದಯವಿಟ್ಟು ಒಂದು ನಿಮಿಷ ಎದ್ದು ನಿಂತು ಅದನ್ನೊಮ್ಮೆ ನೋಡಿ. ಕೂರುವ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಬಹುಮಟ್ಟಿಗೆ ಅದು 42ರಿಂದ 46 ಸೆಂಟಿಮೀಟರಿನ ಒಳಗೇ ಇರುತ್ತದೆ. ಏಕೆಂದರೆ ಮೊಣಕಾಲಿನಿಂದ ಪಾದದವರೆಗಿನ ನಮ್ಮ ಕಾಲಿನ ಉದ್ದ ಸರಿಸುಮಾರು ಅಷ್ಟೇ. ಕುರ್ಚಿ ಎಂದರೆ ಮನುಷ್ಯನ ದೇಹವನ್ನು ಅಳೆದು ಮಾಡಿದ ವಸ್ತು. ಯಾರೋ ಒಬ್ಬರು ಅದನ್ನು ಯೋಚಿಸಿದ್ದಾರೆ, ಯಾರೋ ಒಬ್ಬರು ಮಾಡಿದ್ದಾರೆ. ಆದರೂ ದಿನವಿಡೀ ಅದರ ಮೇಲೆ ಕೂರುವ ನಾವು ಅದನ್ನು ನೋಡುವುದೇ ಇಲ್ಲ.

ಹೀಗೆ ನೋಡದೇ ಇದ್ದವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಸ್ಟುಡಿಯೋದಲ್ಲಿ ಉಗ್ರಾಣವನ್ನು ಖಾಲಿ ಮಾಡಬೇಕಾಗಿ ಬಂತು. ಒಳಗೆ ಧೂಳು ಹಿಡಿದ ಮೂವತ್ತನಾಲ್ಕು ಬೆತ್ತದ ಕುರ್ಚಿಗಳಿದ್ದವು. ಕೆಲವುಗಳ ಬೆತ್ತ ಹರಿದಿತ್ತು, ಕೆಲವುಗಳ ಕೈ ಸಡಿಲವಾಗಿತ್ತು. 'ನಿರುಪಯುಕ್ತ' ಎಂಬ ತಲೆಬರಹದ ಪಟ್ಟಿ ನನ್ನ ಮೇಜಿಗೆ ಬಂತು. ನಾನು ಉಗ್ರಾಣಕ್ಕೆ ಹೋಗಿ ನೋಡದೆಯೇ ಸಹಿ ಮಾಡಿದೆ. ಮರುದಿನ ಗುಜರಿಯವರು ಬಂದು ಎಲ್ಲವನ್ನೂ ಒಂದೇ ಲಾರಿಗೆ ಏರಿಸಿಕೊಂಡು ಹೋದರು. ಅದಾದ ಒಂದು ವರ್ಷಕ್ಕೆ, ಬೇರೊಂದು ಕಾರ್ಯಕ್ರಮದ ಸಿದ್ಧತೆಗಾಗಿ ಓದುತ್ತಿದ್ದಾಗ, ಚಂಡೀಗಢದ ಕಚೇರಿಗಳಿಂದ ಇದೇ ರೀತಿ ಹೊರಬಿದ್ದ ಕುರ್ಚಿಗಳು ಯುರೋಪಿನ ಹರಾಜುಕಟ್ಟೆಗಳಲ್ಲಿ ಲಕ್ಷಾಂತರ ರೂಪಾಯಿಗೆ ಮಾರಾಟವಾಗುತ್ತಿರುವುದು ನನಗೆ ತಿಳಿಯಿತು. ನಮ್ಮ ಮೂವತ್ತನಾಲ್ಕು ಕುರ್ಚಿಗಳು ಬೆಲೆಬಾಳುವಂಥವೇ ಆಗಿದ್ದವು ಎಂದು ನಾನು ಹೇಳುತ್ತಿಲ್ಲ. ಊರಿನ ಯಾವುದೋ ಬಡಗಿ ಮಾಡಿದ ಸಾಧಾರಣ ಕುರ್ಚಿಗಳೇ ಇದ್ದಿರಬಹುದು. ಅವು ಏನಾಗಿದ್ದವು ಎಂದು ತಿಳಿಯುವ ಅವಕಾಶವನ್ನೇ ನನ್ನ ಸಹಿ ಕಳೆದುಬಿಟ್ಟಿತು ಎಂಬುದೇ ನನ್ನ ಕೊರಗು. ಈ ಮಾತುಗಳು ಹುಟ್ಟಿದ್ದು ಆ ಕೊರಗಿನಿಂದ.

ವಿನ್ಯಾಸ ಎಂದರೇನು?

ಮೊದಲು ಒಂದು ಸರಳ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಎಲ್ಲ ಕುರ್ಚಿಯನ್ನೂ ಯಾರಾದರೂ ಮಾಡಿಯೇ ಇರುತ್ತಾರೆ. ಹಾಗಿದ್ದರೆ 'ವಿನ್ಯಾಸದ ಪೀಠೋಪಕರಣ' ಎಂದು ಕೆಲವನ್ನು ಮಾತ್ರ ಕರೆಯುವುದೇಕೆ?

ಇದಕ್ಕೆ ಉತ್ತರವಾಗಿ 1859ರ ಒಂದು ಕುರ್ಚಿಯನ್ನು ನೋಡಬಹುದು. ಮಿಖಾಯೆಲ್ ಥೋನೆಟ್ ಎಂಬ ಬಡಗಿ ಬೀಚ್ ಮರದ ಉದ್ದನೆಯ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ, ಅಚ್ಚಿನಲ್ಲಿ ಬಗ್ಗಿಸಿ, ಹಾಗೆಯೇ ಒಣಗಿಸುವ ವಿಧಾನವನ್ನು ಬೆಳೆಸಿದರು. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಬಿಸಿ ಮತ್ತು ತೇವ ತಗುಲಿದಾಗ ಮೆತ್ತಗಾಗುತ್ತದೆ. ಆರಿದ ಮೇಲೆ ಮತ್ತೆ ಗಟ್ಟಿಯಾಗುತ್ತದೆ. ಜೀವಶಾಸ್ತ್ರದ ತರಗತಿಯಲ್ಲಿ ನೀವು ಕೇಳಿದ ಹೆಸರೇ ಇದು. ಈ ವಿಧಾನದಿಂದ ಹುಟ್ಟಿದ 14ನೆಯ ಸಂಖ್ಯೆಯ ಕುರ್ಚಿಯಲ್ಲಿ ಮರದ ತುಂಡುಗಳು ಕೇವಲ ಆರು, ತಿರುಪುಗಳು ಹತ್ತು, ನಟ್ಟುಗಳು ಎರಡು. ಬಿಡಿಸಿ ಜೋಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿಗಳು ಹಿಡಿಸುತ್ತಿದ್ದವು. ಹಡಗಿನಲ್ಲಿ ದೂರದೇಶಗಳಿಗೆ ಹೋಗಿ, ಅಲ್ಲಿ ತಿರುಪು ಬಿಗಿದರೆ ಕುರ್ಚಿ ಸಿದ್ಧ. ಯುರೋಪಿನ ಕಾಫಿ ಅಂಗಡಿಗಳನ್ನೆಲ್ಲ ಅದು ತುಂಬಿತು. ಇಂದಿಗೂ ಅದು ತಯಾರಾಗುತ್ತಿದೆ.

ಇಲ್ಲಿ ಗಮನಿಸಿ. ಸುಂದರವಾದ ಆಕಾರ, ವಸ್ತುವಿನ ಗುಣ, ತಯಾರಿಕೆಯ ವಿಧಾನ, ಸಾಗಣೆಯ ಖರ್ಚು, ಕೂರುವವನ ಬೆನ್ನು, ಇಷ್ಟೆಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಒಂದು ಉತ್ತರ ಕಂಡುಹಿಡಿಯಲಾಗಿದೆ. ಅದೇ ವಿನ್ಯಾಸ. ಗಣಿತದ ಒಳ್ಳೆಯ ಸಾಧನೆಯಲ್ಲಿ ಹೆಚ್ಚಿನ ಹಂತಗಳಿರುವುದಿಲ್ಲವಲ್ಲ, ಹಾಗೆ.

ಮುಂದೆ ಜರ್ಮನಿಯಲ್ಲಿ 1919ರಿಂದ 1933ರವರೆಗೆ ನಡೆದ ಬೌಹೌಸ್ ಎಂಬ ಶಾಲೆ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಅಲ್ಲಿನ ತರುಣ ಮಾರ್ಸೆಲ್ ಬ್ರಾಯರ್ ತಮ್ಮ ಸೈಕಲ್ಲಿನ ಹ್ಯಾಂಡಲನ್ನು ನೋಡಿ, ಉಕ್ಕಿನ ಕೊಳವೆಯನ್ನು ಹೀಗೆ ಬಗ್ಗಿಸಬಹುದಾದರೆ ಅದರಿಂದ ಕುರ್ಚಿಯನ್ನೇಕೆ ಮಾಡಬಾರದು ಎಂದುಕೊಂಡರು. 1925ರ ಸುಮಾರಿಗೆ ಅಂಥ ಕುರ್ಚಿ ಬಂತು. ಅಲಂಕಾರ ಬೇಡ, ಕೆತ್ತನೆ ಬೇಡ, ಉಪಯೋಗಕ್ಕೆ ಬೇಕಾದಷ್ಟೇ ಇರಲಿ ಎಂಬುದು ಆ ಕಾಲದ ನಂಬಿಕೆ. ಇದನ್ನೇ ಆಧುನಿಕ ವಿನ್ಯಾಸ ಎಂದು ಕರೆಯುತ್ತಾರೆ. ನಮ್ಮ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿರುವ ಕೊಳವೆಯ ಕುರ್ಚಿಗಳೆಲ್ಲ ಈ ಯೋಚನೆಯ ದೂರದ ಸಂತಾನಗಳು.

ಆಧುನಿಕದ ನಂತರ ಏನು?

ನಿಯಮ ಎಷ್ಟು ಒಳ್ಳೆಯದಾದರೂ ಐವತ್ತು ವರ್ಷ ಅದನ್ನೇ ಪಾಲಿಸಿದರೆ ಯಾರಿಗಾದರೂ ಬೇಸರವಾಗುತ್ತದೆ. ಎಲ್ಲ ಕಟ್ಟಡವೂ ಗಾಜಿನ ಡಬ್ಬಿ, ಎಲ್ಲ ಕುರ್ಚಿಯೂ ಕಪ್ಪು ತೊಗಲು ಮತ್ತು ಹೊಳೆಯುವ ಉಕ್ಕು! ಬಣ್ಣಕ್ಕೆ, ನೆನಪಿಗೆ, ನಗುವಿಗೆ ಮನೆಯಲ್ಲಿ ಜಾಗವಿಲ್ಲವೇ ಎಂದು ಕೆಲವರು ಕೇಳತೊಡಗಿದರು. ಹೀಗೆ ಕೇಳಿದವರ ಕೆಲಸವನ್ನು ಆಧುನಿಕೋತ್ತರ ಎಂದು ಕರೆಯುವ ರೂಢಿ ಬಂತು. ಹೆಸರು ಭಾರವಾಗಿದೆ, ವಿಷಯ ಅಷ್ಟು ಭಾರವಾದದ್ದಲ್ಲ. ಎರಡು ಉದಾಹರಣೆಗಳಿಂದ ಅದನ್ನು ತಿಳಿಯಬಹುದು.

ಇಟಲಿಯ ಅಲೆಸ್ಸಾಂದ್ರೊ ಮೆಂದಿನಿ 1978ರಲ್ಲಿ ಒಂದು ಕೆಲಸ ಮಾಡಿದರು. ಅರಮನೆಗಳಲ್ಲಿರುವಂಥ, ತುಂಬ ಕೆತ್ತನೆಯ ಹಳೆಯ ಮಾದರಿಯ ದೊಡ್ಡ ಕುರ್ಚಿಯೊಂದನ್ನು ತೆಗೆದುಕೊಂಡು, ಅದರ ಬಟ್ಟೆ ಮತ್ತು ಮರ ಎರಡರ ಮೇಲೂ ಒಂದೇ ಸಮನೆ ಬಣ್ಣದ ಚುಕ್ಕೆಗಳನ್ನು ಇಡಿಸಿದರು. ಫ್ರೆಂಚ್ ಚಿತ್ರಕಾರರು ಚುಕ್ಕೆಗಳಿಂದಲೇ ಚಿತ್ರ ಬರೆಯುತ್ತಿದ್ದ ಒಂದು ಶೈಲಿಯಿದೆ. ಅದನ್ನೇ ಕುರ್ಚಿಗೆ ಹೊದಿಸಿದಂತಾಯಿತು. ಫ್ರೆಂಚ್ ಕಾದಂಬರಿಕಾರ ಪ್ರೂಸ್ತ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಹಳೆಯದು ಹಳೆಯದಾಗಿಯೂ ಉಳಿಯಲಿಲ್ಲ, ಹೊಸದೂ ಆಗಲಿಲ್ಲ; ಎರಡನ್ನೂ ಕೂಡಿಸಿ ತಮಾಷೆ ಮಾಡಿದ ಹಾಗಿತ್ತು.

ಎರಡನೆಯ ಉದಾಹರಣೆ ಅಮೆರಿಕದ್ದು. ವಾಸ್ತುಶಿಲ್ಪಿಗಳಾದ ರಾಬರ್ಟ್ ವೆಂಚುರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ 1984ರಲ್ಲಿ ನೋಲ್ ಎಂಬ ಕಂಪನಿಗಾಗಿ ಬಗ್ಗಿಸಿದ ಪ್ಲೈವುಡ್ಡಿನ ಕುರ್ಚಿಗಳ ಒಂದು ಸಾಲನ್ನೇ ರೂಪಿಸಿದರು. ಪಕ್ಕದಿಂದ ನೋಡಿದರೆ ಅದು ಸರಳ, ಆಧುನಿಕ ಕುರ್ಚಿ. ಎದುರಿನಿಂದ ನೋಡಿದರೆ ಬೆನ್ನಿನ ಹಲಗೆಯಲ್ಲಿ ಹಳೆಯ ಕಾಲದ ಶೈಲಿಯೊಂದರ ಅಂಚು ಕತ್ತರಿಸಿದ ಚಿತ್ರದಂತೆ ಕಾಣುತ್ತದೆ. ಒಂದರಲ್ಲಿ ಗೋಥಿಕ್ ಚರ್ಚಿನ ಕಿಟಕಿಯ ನೆನಪು, ಇನ್ನೊಂದರಲ್ಲಿ ಇಂಗ್ಲೆಂಡಿನ ಹದಿನೆಂಟನೆಯ ಶತಮಾನದ ಚಿಪೆಂಡೇಲ್ ಮಾದರಿಯ ನೆನಪು. ನಾವು ದೂರದರ್ಶನದಲ್ಲಿ ಅರಮನೆಯ ಸೆಟ್ ಹಾಕುವಾಗ ಪ್ಲೈವುಡ್ಡನ್ನು ಕಂಬದ ಆಕಾರಕ್ಕೆ ಕತ್ತರಿಸಿ ನಿಲ್ಲಿಸುವುದಿಲ್ಲವೇ? ಅದೇ ಉಪಾಯ, ಆದರೆ ಇಲ್ಲಿ ಅದನ್ನು ಮರೆಮಾಚಿಲ್ಲ, ಉದ್ದೇಶಪಟ್ಟು ತೋರಿಸಿದ್ದಾರೆ.

ಮಿಲಾನಿನ ಒಂದು ರಾತ್ರಿ

ಈ ಕಥೆಯ ಬಹುಮುಖ್ಯ ದೃಶ್ಯ 1980ರ ಡಿಸೆಂಬರ್ 11ರಂದು ಇಟಲಿಯ ಮಿಲಾನ್ ನಗರದಲ್ಲಿ ನಡೆಯಿತು. ಎತ್ತೊರೆ ಸೊತ್ಸಾಸ್ ಎಂಬ ಅರವತ್ತಮೂರು ವರ್ಷದ ವಿನ್ಯಾಸಕಾರರ ಮನೆಯಲ್ಲಿ ತರುಣ ತರುಣಿಯರು ಸೇರಿದ್ದರು. ಹೆಚ್ಚಿನವರು ಇಪ್ಪತ್ತು ಮೂವತ್ತರ ಆಸುಪಾಸಿನವರು. ತಟ್ಟೆಯಲ್ಲಿ ಬಾಬ್ ಡಿಲನ್ ಅವರ ಹಾಡೊಂದು ತಿರುಗುತ್ತಿತ್ತು. ಅದರಲ್ಲಿ ಬರುವ ಊರಿನ ಹೆಸರನ್ನೇ ತಮ್ಮ ಗುಂಪಿಗೆ ಇಟ್ಟುಕೊಂಡರು: ಮೆಂಫಿಸ್. ಅದು ಅಮೆರಿಕದ ಒಂದು ನಗರ. ಪ್ರಾಚೀನ ಈಜಿಪ್ಟಿನ ರಾಜಧಾನಿಯೂ ಹೌದು. ಒಂದೇ ಹೆಸರಿನಲ್ಲಿ ಹಾಡುಗಾರರ ಊರೂ ಫೇರೋಗಳ ಊರೂ ಬೆರೆತದ್ದು ಅವರಿಗೆ ಇಷ್ಟವಾಯಿತು.

1981ರ ಸೆಪ್ಟೆಂಬರಿನಲ್ಲಿ ಮಿಲಾನಿನ ಪೀಠೋಪಕರಣ ಮೇಳದ ಸಮಯಕ್ಕೆ ಅವರ ಮೊದಲ ಪ್ರದರ್ಶನ ತೆರೆಯಿತು. ನೋಡಲು ಬೀದಿ ತುಂಬುವಷ್ಟು ಜನ ಬಂದರು. ಅಲ್ಲಿದ್ದುದೇನು? ಸೊತ್ಸಾಸ್ ಅವರ 'ಕಾರ್ಲ್‌ಟನ್' ಎಂಬ ಪುಸ್ತಕದ ಕಪಾಟು ಸುಮಾರು ಎರಡು ಮೀಟರ್ ಎತ್ತರ. ಅದರ ಹಲಗೆಗಳು ಓರೆಯಾಗಿ ನಿಂತಿವೆ. ಕೆಂಪು, ಹಳದಿ, ಹಸಿರು, ನೀಲಿ ಒಂದರ ಪಕ್ಕ ಒಂದು. ದೂರದಿಂದ ನೋಡಿದರೆ ತಲೆಯ ಮೇಲೆ ಕೈಯೆತ್ತಿ ನಿಂತ ಮನುಷ್ಯನಂತೆ, ಇಲ್ಲವೇ ಯಾವುದೋ ಬುಡಕಟ್ಟಿನ ದೇವರಂತೆ ಕಾಣುತ್ತದೆ. ಜಪಾನಿನ ಮಸನೋರಿ ಉಮೆದಾ ಬಾಕ್ಸಿಂಗ್ ಕಣವನ್ನೇ ಕೂರುವ ಜಾಗವನ್ನಾಗಿ ಮಾಡಿದ್ದರು. ಮಾರ್ತಿನ್ ಬೆದಾಂ ಎಂಬ ತರುಣಿಯ ದೀಪಕ್ಕೆ ಮಕ್ಕಳ ಆಟಿಕೆಯಂತೆ ಗಾಲಿಗಳಿದ್ದವು. ಬಂದವರಲ್ಲಿ ಕೆಲವರು ಕುಣಿದರು, ಕೆಲವರು ಇದೆಲ್ಲ ಕೆಟ್ಟ ಅಭಿರುಚಿ ಎಂದು ಬೈದರು.

ಈ ಸೊತ್ಸಾಸ್ ಅವರಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಅವರು 1961ರಲ್ಲಿ ಭಾರತದಲ್ಲಿ ಸಂಚರಿಸಿದ್ದರು. ಮರಳಿದ ಮೇಲೆ ತೀವ್ರ ಕಾಯಿಲೆಬಿದ್ದು ಅಮೆರಿಕದಲ್ಲಿ ಚಿಕಿತ್ಸೆ ಪಡೆದರು. ಬದುಕಿ ಬಂದ ಬಳಿಕ 1964ರಲ್ಲಿ 'ಶಿವನಿಗೆ ಅರ್ಪಣೆ' ಎಂಬರ್ಥದ ಹೆಸರಿನಲ್ಲಿ ಮಣ್ಣಿನ ತಟ್ಟೆಗಳ ಒಂದು ಸರಣಿಯನ್ನೇ ಮಾಡಿದರು. ಮನೆಯ ವಸ್ತು ಬರಿಯ ಉಪಯೋಗಕ್ಕಷ್ಟೇ ಅಲ್ಲ, ಅದಕ್ಕೆ ಪೂಜಾ ಸಾಮಗ್ರಿಗಿರುವಂಥ ಗಾಂಭೀರ್ಯವೂ ಇರಬಹುದು ಎಂಬ ಯೋಚನೆ ಅವರ ಮುಂದಿನ ಕೆಲಸದಲ್ಲಿ ಉದ್ದಕ್ಕೂ ಕಾಣುತ್ತದೆ. ಹಿತ್ತಾಳೆಯ ಚೊಂಬನ್ನು ತೊಳೆದು, ಅದಕ್ಕೆ ಕುಂಕುಮ ಇಟ್ಟು, ಅದನ್ನೇ ಕಲಶ ಮಾಡುವ ನಮಗೆ ಇದು ಅಪರಿಚಿತವೇನಲ್ಲ.

ಸನ್‌ಮೈಕಾದ ರಸಾಯನಶಾಸ್ತ್ರ

ಈಗ ನಿಮಗೆ ಒಂದು ಆಶ್ಚರ್ಯ. ಇಷ್ಟು ಹೆಸರಾದ ಕಾರ್ಲ್‌ಟನ್ ಕಪಾಟನ್ನು ಯಾವ ಮರದಿಂದ ಮಾಡಿದ್ದಾರೆ? ತೇಗವೂ ಅಲ್ಲ, ಬೀಟೆಯೂ ಅಲ್ಲ. ಮರದ ಹುಡಿಯನ್ನು ಅಂಟಿನಿಂದ ಒತ್ತಿದ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಲ್ಯಾಮಿನೇಟ್. ಅಂದರೆ ನಮ್ಮ ಮನೆಗಳಲ್ಲಿ ನಾವು ಸನ್‌ಮೈಕಾ ಎಂದು ಕರೆಯುವ ಹಾಳೆ!

ಸನ್‌ಮೈಕಾ ಒಂದು ಕಂಪನಿಯ ಮಾಲಿನ ಹೆಸರು. ನಮ್ಮಲ್ಲಿ ಅದೇ ಇಡೀ ಜಾತಿಗೆ ಹೆಸರಾಗಿ ನಿಂತಿತು. ಈ ಜಾತಿಯ ಮೊದಲ ಹಾಳೆಯನ್ನು 1912ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರುಗಳು ಮಾಡಿದರು. ವಿದ್ಯುತ್ ಉಪಕರಣಗಳಲ್ಲಿ ನಿರೋಧಕವಾಗಿ ಅಭ್ರಕ, ಅಂದರೆ ಮೈಕಾ ಬಳಸುತ್ತಿದ್ದರು. ಅದಕ್ಕೆ ಬದಲಾಗಿ ಬಂದದ್ದರಿಂದ ಇಂಗ್ಲಿಷಿನಲ್ಲಿ 'ಮೈಕಾಗೆ ಬದಲಿ' ಎಂಬರ್ಥ ಬರುವಂತೆ ಅದಕ್ಕೆ ಫಾರ್ಮೈಕಾ ಎಂದು ಹೆಸರಿಟ್ಟರು. ನಮ್ಮ ಸನ್‌ಮೈಕಾದಲ್ಲಿ 'ಮೈಕಾ' ಏಕಿದೆ ಎಂದು ಈಗ ಗೊತ್ತಾಯಿತಲ್ಲ? ಅದರಲ್ಲಿ ಅಭ್ರಕ ಇಲ್ಲವೇ ಇಲ್ಲ.

ಅದನ್ನು ಮಾಡುವ ಬಗೆ ಹೀಗೆ. ದಪ್ಪ ಕಂದು ಕಾಗದದ ಹಲವು ಹಾಳೆಗಳನ್ನು ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದಾದ ರಾಳದಲ್ಲಿ ನೆನೆಸುತ್ತಾರೆ. ಮೇಲೆ ಬರುವ ಬಣ್ಣದ ಕಾಗದವನ್ನು ಮೆಲಮಿನ್ ರಾಳದಲ್ಲಿ ನೆನೆಸುತ್ತಾರೆ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು, 120 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ, ವಾಯುಮಂಡಲದ ಒತ್ತಡದ ಸುಮಾರು ಐವತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಹಿಡಿದಿಡುತ್ತಾರೆ. ರಾಳದ ಅಣುಗಳು ಒಂದಕ್ಕೊಂದು ಬಲೆಯಂತೆ ಕೊಂಡಿ ಹಾಕಿಕೊಳ್ಳುತ್ತವೆ. ಒಮ್ಮೆ ಹೀಗೆ ಕೂಡಿಕೊಂಡರೆ ಮತ್ತೆ ಬಿಸಿ ಮಾಡಿದರೂ ಅದು ಕರಗುವುದಿಲ್ಲ. ಬಿ.ಎಸ್ಸಿ. ತರಗತಿಯಲ್ಲಿ ನಾನು ಈ ಕ್ರಿಯೆಯ ಸಮೀಕರಣವನ್ನು ಬಾಯಿಪಾಠ ಮಾಡಿದ್ದು ಸನ್‌ಮೈಕಾ ಹೊದಿಸಿದ ಮೇಜಿನ ಮೇಲೆಯೇ. ಪುಸ್ತಕದ ಕೆಳಗಿರುವುದೇ ಪುಸ್ತಕದ ಒಳಗೂ ಇದೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಹೋಟೆಲು, ಅಡುಗೆಮನೆಗಳ ಅಗ್ಗದ ವಸ್ತು ಎಂದು ಶ್ರೀಮಂತರು ಮೂಗು ಮುರಿಯುತ್ತಿದ್ದ ಈ ಹಾಳೆಯನ್ನೇ ಮೆಂಫಿಸ್ ಗುಂಪು ನಡುಮನೆಗೆ ತಂದು ನಿಲ್ಲಿಸಿತು. ಸೊತ್ಸಾಸ್ 1978ರಲ್ಲಿ ರೂಪಿಸಿದ ಒಂದು ಹಾಳೆಯ ಹೆಸರು 'ಬ್ಯಾಕ್ಟೀರಿಯೊ'. ಬಿಳಿಯ ಮೇಲೆ ಕಪ್ಪು ಹುಳುಗಳು ಹೊರಳಾಡಿದಂತಿರುವ ಆ ಚಿತ್ತಾರ ಸೂಕ್ಷ್ಮದರ್ಶಕದ ಗಾಜಿನಲ್ಲಿ ಕಾಣುವ ಲೋಕವನ್ನು ನೆನಪಿಸುತ್ತದೆ. ಬೆಲೆ ವಸ್ತುವಿನಲ್ಲಿದೆಯೇ, ಯೋಚನೆಯಲ್ಲಿದೆಯೇ ಎಂಬ ಪ್ರಶ್ನೆಯನ್ನು ಅವರು ಹೀಗೆ ಎಲ್ಲರ ಮುಂದೆ ಇಟ್ಟರು.

ಸಂಗ್ರಹಿಸಿದವರು

ಮೆಂಫಿಸ್ ಗುಂಪು ಹೆಚ್ಚು ಕಾಲ ಉಳಿಯಲಿಲ್ಲ. ಸೊತ್ಸಾಸ್ 1985ರಲ್ಲಿ ಹೊರಬಂದರು. ಎಂಬತ್ತರ ದಶಕ ಮುಗಿಯುವ ಮೊದಲೇ ಗುಂಪು ಚದುರಿತು. ಆದರೆ ಮಾಡಿದ ವಸ್ತುಗಳು ಉಳಿದವು. ಉಡುಪು ವಿನ್ಯಾಸಕಾರ ಕಾರ್ಲ್ ಲಾಗರ್‌ಫೆಲ್ಡ್ ತಮ್ಮ ಮಾಂಟೆ ಕಾರ್ಲೊದ ಮನೆಯನ್ನು ಅವುಗಳಿಂದಲೇ ತುಂಬಿದ್ದರು. ಆ ಬಾಕ್ಸಿಂಗ್ ಕಣವೂ ಅಲ್ಲಿತ್ತು. ಬೇಸರ ಬಂದ ಮೇಲೆ 1991ರಲ್ಲಿ ಎಲ್ಲವನ್ನೂ ಹರಾಜಿಗಿಟ್ಟರು. ಗಾಯಕ ಡೇವಿಡ್ ಬೋವಿ ಹಾಗಲ್ಲ. ಅವರು ಸದ್ದಿಲ್ಲದೆ ವರ್ಷಗಟ್ಟಲೆ ಕೂಡಿಟ್ಟರು. 2016ರ ಜನವರಿಯಲ್ಲಿ ಅವರು ತೀರಿಕೊಂಡ ಬಳಿಕ ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನಲ್ಲಿ ಹರಾಜು ನಡೆದಾಗಲೇ ಅವರ ಮನೆಯಲ್ಲಿ ಇಷ್ಟೊಂದು ಮೆಂಫಿಸ್ ವಸ್ತುಗಳಿದ್ದವೆಂದು ಬಹಳ ಜನಕ್ಕೆ ತಿಳಿದದ್ದು.

ಆ ಹರಾಜಿನ ಒಂದು ಸಂಗತಿಯನ್ನು ನೆನಪಿಡಿ. ಒಲಿವೆತ್ತಿ ಕಂಪನಿಗಾಗಿ ಸೊತ್ಸಾಸ್ ಮತ್ತು ಪೆರಿ ಕಿಂಗ್ 1969ರಲ್ಲಿ ರೂಪಿಸಿದ 'ವ್ಯಾಲೆಂಟೈನ್' ಎಂಬ ಕೆಂಪು ಬೆರಳಚ್ಚು ಯಂತ್ರ ಅಲ್ಲಿತ್ತು. ಅದಕ್ಕೆ 300ರಿಂದ 500 ಪೌಂಡ್ ಬರಬಹುದೆಂದು ಅಂದಾಜು ಮಾಡಿದ್ದರು. ಮಾರಾಟವಾದದ್ದು 45,000 ಪೌಂಡಿಗೆ. ಯಂತ್ರ ಅದೇ, ಕೀಲಿಗಳು ಅವೇ. ಒತ್ತಿದ ಬೆರಳುಗಳು ಯಾರವು ಎಂಬುದಕ್ಕೆ ಉಳಿದ ಹಣ.

ಸಂಗ್ರಹದ ಲೋಕದಲ್ಲಿ ಮುಖ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾರೆ. ಒಂದು, ವಸ್ತು ಯಾವಾಗ ತಯಾರಾಯಿತು ಎಂಬುದು. ಮೊದಲ ಕಾಲದಲ್ಲಿ ಮಾಡಿದ್ದು, ಇಂದು ಅನುಮತಿ ಪಡೆದು ಮಾಡುತ್ತಿರುವುದು, ಅನುಮತಿಯಿಲ್ಲದ ನಕಲು, ಹೀಗೆ ಒಂದೇ ಆಕಾರಕ್ಕೆ ಮೂರು ಬಗೆಯ ಜನ್ಮಗಳಿರುತ್ತವೆ. ಎರಡು, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ. ಮೂರು, ಅದರ ಸ್ಥಿತಿ. ಹುಡಿಯ ಹಲಗೆಗೆ ನೀರು ತಾಗಿದರೆ ಅದು ಊದಿಕೊಳ್ಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಹೀಗಾಗಿ ತೇಗದ ಕುರ್ಚಿಗಿಂತ ಮೆಂಫಿಸ್ ಕಪಾಟನ್ನು ಕಾಪಾಡುವುದೇ ಕಷ್ಟದ ಕೆಲಸ.

ಚಂಡೀಗಢದ ಪಾಠ

ಈಗ ನಮ್ಮ ದೇಶಕ್ಕೆ ಬರೋಣ. ಸ್ವಾತಂತ್ರ್ಯ ಬಂದು ಪಂಜಾಬ್ ಇಬ್ಭಾಗವಾದಾಗ ಲಾಹೋರ್ ಪಾಕಿಸ್ತಾನಕ್ಕೆ ಸೇರಿತು. ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. 1951ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಆ ಹೊಣೆ ಹೊತ್ತರು. ಅವರು ಬಂದು ಹೋಗುತ್ತಿದ್ದರು; ಅಲ್ಲಿಯೇ ಉಳಿದು ದುಡಿದವರು ಅವರ ಸೋದರಸಂಬಂಧಿ ಪಿಯೇರ್ ಜಾನ್ನರೆ. 1965ರವರೆಗೆ ಅವರು ಚಂಡೀಗಢದಲ್ಲಿದ್ದರು. 1967ರಲ್ಲಿ ತೀರಿಕೊಂಡರು, ಅವರ ಚಿತಾಭಸ್ಮವನ್ನು 1970ರಲ್ಲಿ ಚಂಡೀಗಢದ ಸುಖ್ನಾ ಸರೋವರದಲ್ಲಿ ಬಿಡಲಾಯಿತು.

ಊರು ಕಟ್ಟಿದರೆ ಸಾಲದು, ಕಚೇರಿಗಳಲ್ಲಿ ಕೂರಲು ಕುರ್ಚಿ ಬೇಕಲ್ಲ? ಆಮದು ಮಾಡಿಕೊಳ್ಳಲು ಹಣವಿಲ್ಲ. ಜಾನ್ನರೆ, ಯೂಲಿ ಚೌಧರಿ ಮೊದಲಾದ ಸಂಗಾತಿಗಳೊಡನೆ ತೇಗ ಮತ್ತು ಬೆತ್ತದಿಂದ ಮಾಡಬಹುದಾದ ಮಾದರಿಗಳನ್ನು ರೂಪಿಸಿದರು. ಇಲ್ಲಿನ ಬಡಗಿಗಳೇ ಅವನ್ನು ಸಾವಿರಗಟ್ಟಲೆ ಮಾಡಿದರು. ಜ್ಯಾಮಿತಿ ಪೆಟ್ಟಿಗೆಯ ಕೈವಾರವನ್ನು ತೆರೆದು ನಿಲ್ಲಿಸಿದಂತಿರುವ ಕಾಲುಗಳು ಅವುಗಳ ಗುರುತು. ತೇಗದಲ್ಲಿರುವ ಎಣ್ಣೆಯ ಅಂಶದಿಂದ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಬೆತ್ತದ ಹೆಣಿಗೆಯ ಕಣ್ಣುಗಳಲ್ಲಿ ಗಾಳಿಯಾಡುವುದರಿಂದ ಬೇಸಗೆಯಲ್ಲಿ ಬೆನ್ನು ಬೆವರುವುದಿಲ್ಲ. ಥೋನೆಟ್ ಅವರ ಲೆಕ್ಕಾಚಾರವೇ ಇಲ್ಲಿಯೂ ನಡೆದಿದೆ, ನಮ್ಮ ಹವೆಗೆ ಹೊಂದಿಕೊಂಡು.

ನಲವತ್ತು ವರ್ಷಗಳ ಬಳಕೆಯಲ್ಲಿ ಕುರ್ಚಿಗಳು ಸಡಿಲವಾದವು. ಕಚೇರಿಗಳಿಗೆ ಉಕ್ಕಿನ ಮತ್ತು ಪ್ಲಾಸ್ಟಿಕ್ಕಿನ ಕುರ್ಚಿಗಳು ಬಂದವು. ಹಳೆಯವು ಮಾಳಿಗೆಯ ಮೇಲೆ, ಹಿತ್ತಲಿನಲ್ಲಿ ಮಳೆಬಿಸಿಲಿಗೆ ರಾಶಿಬಿದ್ದು, ಕೊನೆಗೆ ಗುಜರಿಯಾಗಿ ಹರಾಜಾದವು. ವಿದೇಶದ ವ್ಯಾಪಾರಿಗಳು ಬಂದು ಅವನ್ನು ಕೊಂಡು, ದುರಸ್ತಿ ಮಾಡಿಸಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕಿನ ಶ್ರೀಮಂತರ ಮನೆಗಳಿಗೆ ಮುಟ್ಟಿಸಿದರು. ಯಾವ ಇಲಾಖೆಯದೆಂದು ಗುಮಾಸ್ತರು ಬೆನ್ನಹಲಗೆಯ ಮೇಲೆ ಬರೆಸಿದ್ದ ಬಿಳಿಯ ಅಕ್ಷರಗಳೇ ಅಲ್ಲಿ ಅಸಲಿಯತ್ತಿನ ಗುರುತಾದವು! ಏಮಿ ಸೀಗಲ್ ಎಂಬ ಕಲಾವಿದೆ 2013ರಲ್ಲಿ ಈ ಪಯಣವನ್ನು ಹಿಂದುಮುಂದಾಗಿ ತೋರಿಸುವ ಚಿತ್ರವೊಂದನ್ನು ತೆಗೆದಿದ್ದಾರೆ. ಮೊದಲು ಶ್ರೀಮಂತರ ಮನೆ, ಆಮೇಲೆ ಹರಾಜು, ಹಡಗು, ಕೊನೆಗೆ ಚಂಡೀಗಢದ ಕಚೇರಿ. ದೃಶ್ಯಮಾಧ್ಯಮದಲ್ಲಿ ದುಡಿಯುವ ನನಗೆ ಆ ಕ್ರಮವೇ ದೊಡ್ಡ ಪಾಠವಾಯಿತು.

ಇದನ್ನು ಕಳ್ಳತನ ಎನ್ನಬಹುದೇ? ಹಾಗೆನ್ನುವುದು ಸುಲಭವಲ್ಲ. ಬಹಳಷ್ಟು ಕುರ್ಚಿಗಳನ್ನು ಸರ್ಕಾರಿ ಹರಾಜಿನಲ್ಲಿ ರಸೀದಿ ಪಡೆದೇ ಕೊಂಡಿದ್ದಾರೆ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳ ಮಾರಾಟ ಮತ್ತು ರಫ್ತಿಗೆ ತಡೆ ಹಾಕಿತು. ಆದರೆ ಅಷ್ಟರಲ್ಲಿ ಹೊರಟದ್ದು ಹೊರಟಿತ್ತು. ಪ್ರಾಚ್ಯವಸ್ತುಗಳನ್ನು ಕಾಪಾಡುವ ನಮ್ಮ 1972ರ ಕಾಯಿದೆ ಸಾಮಾನ್ಯವಾಗಿ ನೂರು ವರ್ಷಕ್ಕಿಂತ ಹಳೆಯದಾದ ವಸ್ತುಗಳಿಗೆ, ಹಸ್ತಪ್ರತಿಗಳಾದರೆ ಎಪ್ಪತ್ತೈದು ವರ್ಷಕ್ಕೆ, ಅನ್ವಯಿಸುತ್ತದೆ. ಈ ಕುರ್ಚಿಗಳಿಗೆ ನೂರು ವರ್ಷ ಇನ್ನೂ ತುಂಬಿಲ್ಲ. ಕಾನೂನಿನ ಕಣ್ಣಿಗೆ ಎಳೆಯವು, ಕಚೇರಿಯ ಕಣ್ಣಿಗೆ ಮುದಿಯವು! ಈ ಎರಡು ವಯಸ್ಸುಗಳ ನಡುವಿನ ಸಂದಿಯಲ್ಲಿ ಅವು ಕೈಜಾರಿ ಹೋದವು. ಆ ಸಂದಿಯನ್ನು ಕಾಯಬಲ್ಲದ್ದು ನೋಡುವ ಕಣ್ಣು ಮಾತ್ರ.

ನೀವೂ ಸಂಗ್ರಾಹಕರಾಗಬಹುದು

'ನಾವು ವಿದ್ಯಾರ್ಥಿಗಳು, ಹರಾಜಿಗೆ ಹೋಗಲು ನಮ್ಮಲ್ಲಿ ಹಣವೆಲ್ಲಿ' ಎಂದು ನೀವು ಕೇಳಬಹುದು. ಸಂಗ್ರಹಕ್ಕೆ ಮೊದಲು ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು, ಒಂದು ಪೆನ್ಸಿಲು, ಒಂದು ಅಳತೆಯ ಟೇಪು. ನಿಮ್ಮ ಮನೆ, ಅಜ್ಜಿಯ ಮನೆ, ಶಾಲೆ, ಊರಿನ ಗ್ರಂಥಾಲಯ, ಹಳೆಯ ಹೋಟೆಲು, ಇಲ್ಲೆಲ್ಲ ಕಾಣುವ ಒಂದೊಂದು ಪೀಠೋಪಕರಣಕ್ಕೂ ಒಂದು ಪುಟ ಮೀಸಲಿಡಿ. ಅದರ ಚಿತ್ರ ಬರೆದು ಐದು ಪ್ರಶ್ನೆಗಳಿಗೆ ಉತ್ತರ ಹುಡುಕಿ.

ಒಂದು: ಇದು ಯಾವ ವಸ್ತುವಿನದು? ತೇಗವೇ, ಹಲಸೇ, ಹೊನ್ನೆಯೇ, ಪ್ಲೈವುಡ್ಡೇ, ಲ್ಯಾಮಿನೇಟೇ?

ಎರಡು: ಭಾಗಗಳನ್ನು ಹೇಗೆ ಕೂಡಿಸಿದ್ದಾರೆ? ಒಂದು ಮರದ ತುದಿಯನ್ನು ಇನ್ನೊಂದರ ಗುಳಿಯೊಳಗೆ ಕೂರಿಸಿದ್ದಾರೆಯೇ, ಮೊಳೆ ಹೊಡೆದಿದ್ದಾರೆಯೇ, ತಿರುಪು ಬಿಗಿದಿದ್ದಾರೆಯೇ?

ಮೂರು: ಅಳತೆಗಳೇನು? ಕೂರುವ ಜಾಗದ ಎತ್ತರ, ಆಳ, ಬೆನ್ನಿನ ಓರೆ ಎಷ್ಟು?

ನಾಲ್ಕು: ಎಲ್ಲಾದರೂ ಗುರುತು, ಅಕ್ಷರ, ಚೀಟಿ ಇದೆಯೇ? ತಲೆಕೆಳಗು ಮಾಡಿ ನೋಡಿ.

ಐದು: ಯಾರು ಮಾಡಿದರು, ಯಾವಾಗ ತಂದರು, ಯಾರೆಲ್ಲ ಬಳಸಿದರು? ಮನೆಯ ಹಿರಿಯರನ್ನು, ಶಾಲೆಯ ಹಳೆಯ ಜವಾನರನ್ನು ಕೇಳಿ.

ಒಂದು ಎಚ್ಚರಿಕೆ: ಹಳೆಯ ವಸ್ತು ಸಿಕ್ಕಿತೆಂದು ಆತುರದಲ್ಲಿ ಉಜ್ಜಿ ಪಾಲಿಶ್ ಹಾಕಬೇಡಿ, ಬಣ್ಣ ಬಳಿಯಬೇಡಿ. ಗುರುತುಗಳು ಅಳಿಸಿಹೋಗುತ್ತವೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ನೇರ ಬಿಸಿಲು ಮತ್ತು ನೀರು ತಾಗದಂತೆ ಇಟ್ಟರೆ ಸಾಕು. ಈ ಹವ್ಯಾಸ ನಿಮ್ಮಲ್ಲಿ ಕೆಲವರನ್ನು ವಿನ್ಯಾಸದ ಓದಿಗೂ ಕರೆದೊಯ್ಯಬಹುದು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಅತಿ ಹೆಚ್ಚು ಮೆಚ್ಚಿದ್ದು ನಮ್ಮ ನೀರಿನ ಚೊಂಬನ್ನು. ಆ ವರದಿಯ ಹಿನ್ನೆಲೆಯಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಬೆಂಗಳೂರಿನಲ್ಲಿಯೂ ಅದರ ಆವರಣವಿದೆ.

ಮೇಜಿನ ಕೆಳಗೆ

ನಮ್ಮ ಶಾಲೆಗೆ ಬೇಸಗೆಯ ರಜೆಯಲ್ಲಿ ಕಣ್ಣು ಕಾಣದ ಒಬ್ಬರು ಕುರ್ಚಿಗಳಿಗೆ ಬೆತ್ತ ಹೆಣೆಯಲು ಬರುತ್ತಿದ್ದರು. ನೆನೆಸಿದ ಬೆತ್ತದ ಸೀಳುಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಲಗೆಯ ತೂತುಗಳನ್ನು ಬೆರಳಿನಿಂದ ಎಣಿಸುತ್ತ, ಎಂಟು ಮೂಲೆಯ ಕಣ್ಣುಗಳನ್ನು ಸಾಲುಸಾಲಾಗಿ ತೆರೆಯುತ್ತ ಹೋಗುತ್ತಿದ್ದರು. ಹುಡುಗನಾಗಿದ್ದ ನಾನು ಅದನ್ನು ಗಂಟೆಗಟ್ಟಲೆ ನೋಡಿದ್ದೆ. ಕಣ್ಣು ಕಾಣದ ಅವರು ಪ್ರತಿ ಕುರ್ಚಿಯನ್ನೂ ಅಷ್ಟು ಚೆನ್ನಾಗಿ ಬಲ್ಲವರಾಗಿದ್ದರು. ಕಣ್ಣಿದ್ದ ನಾನು ಮೂವತ್ತನಾಲ್ಕು ಕುರ್ಚಿಗಳ ಪಟ್ಟಿಗೆ ನೋಡದೆ ಸಹಿ ಹಾಕಿದೆ. ಅವುಗಳಲ್ಲಿ ಅಂಥ ಕೈಗಳು ಹೆಣೆದವು ಎಷ್ಟಿದ್ದವೋ!

ಆ ನಂತರ ನನ್ನ ಮೇಜಿಗೆ ಬರುವ ಇಂಥ ಪಟ್ಟಿಗಳಿಗೆ ನಾನೇ ಒಂದು ಕ್ರಮ ಮಾಡಿಕೊಂಡಿದ್ದೇನೆ. ಪ್ರತಿಯೊಂದು ವಸ್ತುವಿನ ಛಾಯಾಚಿತ್ರ ತೆಗೆಸಿ, ತಲೆಕೆಳಗು ಮಾಡಿಸಿ ನೋಡಿ, ಅಳತೆ ಬರೆಸಿದ ಮೇಲಷ್ಟೇ ಸಹಿ. ಇದಕ್ಕೆ ಹೆಚ್ಚೆಂದರೆ ಅರ್ಧ ದಿನ ಹಿಡಿಯುತ್ತದೆ.

ಹೋದ ವರ್ಷ ಊರಿಗೆ ಹೋದಾಗ, ನಾನು ಓದುತ್ತಿದ್ದ ಆ ಸನ್‌ಮೈಕಾ ಮೇಜನ್ನು ಅಮ್ಮ ಹಳೆ ಸಾಮಾನಿನವನಿಗೆ ಕೊಡಲು ಹೊರಗಿಟ್ಟಿದ್ದರು. ಒಂದು ಮೂಲೆಯಲ್ಲಿ ಹಾಳೆ ಎದ್ದು ಬಂದು, ಒಳಗಿನ ಕಂದು ಕಾಗದದ ಪದರಗಳು ಕಾಣುತ್ತಿದ್ದವು. ನಾನು ನಿಮಗೆ ಹೇಳಿದ ಐದು ಪ್ರಶ್ನೆಗಳನ್ನು ಅದಕ್ಕೂ ಕೇಳೋಣವೆಂದು ತಿರುವಿ ಹಾಕಿದೆ. ಕೆಳಗಿನ ಹಲಗೆಯ ಮೇಲೆ ಆಚಾರಿಯ ಪೆನ್ಸಿಲಿನಲ್ಲಿ ಅಡಿ ಅಂಗುಲದ ಲೆಕ್ಕ, ಅದರ ಪಕ್ಕ ಅಪ್ಪನ ಹೆಸರು, ಅದರ ಕೆಳಗೆ '1986, ಮಗುವಿನ ಓದಿಗೆ' ಎಂದು ಬರೆದಿತ್ತು.

ಆ ಮೇಜಿಗೆ ಯಾವ ಹರಾಜಿನಲ್ಲೂ ಬೆಲೆ ಬರುವುದಿಲ್ಲ. ಈಗ ಅದು ನನ್ನ ಮನೆಯಲ್ಲಿದೆ. ಈ ಮಾತುಗಳನ್ನು ಬರೆದದ್ದೂ ಅದರ ಮೇಲೆಯೇ.

ಮಿತ್ರರೇ, ಈಗ ನೀವು ಎದ್ದುನಿಂತು ನಿಮ್ಮ ಕುರ್ಚಿಯನ್ನು ತಿರುವಿ ನೋಡಬಹುದು.